ವಾಡೆಗೆ ಕೆಲಸ ಹೋದ ಮೇಲೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ವಾಡೆ ಅಂದರೆ ದೇಸಾಯರದೋ ಗೌಡರದೋ ದೊಡ್ಡಮನೆ. ಬರೀ ವಾಸಕ್ಕೆಂದು ಅದನ್ನು ಯಾರೂ ಕಟ್ಟಿಸಲಿಲ್ಲ. ಕಂದಾಯ ಎಣಿಸುವ ಚಾವಡಿ, ಕಾಳು ಕಾಯುವ ಕಣಜ, ದಂಡು ಬಂದರೆ ಬಾಗಿಲು ಹಾಕಿಕೊಳ್ಳುವ ಕೋಟೆ, ಮೂರೂ ಒಂದೇ ಗೋಡೆಯೊಳಗೆ. ವಾಡೆಗಳ ಬಗ್ಗೆ ಬರೆಯುವವರು ಬೋದಿಗೆಯ ಕೆತ್ತನೆಗೆ ಮನಸೋತು ಈ ಕೆಲಸವನ್ನೇ ಮರೆಯುವುದುಂಟು.

ಅಳತೆ ಅಂಕಣದ್ದು: ಕಂಬದಿಂದ ಕಂಬದ ನಡುವಿನ ಜಾಗ. ಎಷ್ಟು ಅಂಕಣದ ಮನೆ ಅಂದರೆ ಮನೆತನದ ತೂಕ ತಿಳಿಯುತ್ತಿತ್ತು. ದೊಡ್ಡ ಬಾಗಿಲಲ್ಲೊಂದು ದಿಡ್ಡಿ, ಒಳಗೆ ತಗ್ಗಿನಲ್ಲಿ ದನ ಕಟ್ಟುವ ಜಾಗ, ಅದಕ್ಕಿಂತ ಎತ್ತರಕ್ಕೆ ಪಡಸಾಲೆ. ರೈತ ಎಲ್ಲಿ ನಿಲ್ಲಬೇಕು, ಕುಲಕರ್ಣಿ ಎಲ್ಲಿ ಕೂರಬೇಕು, ಹೆಣ್ಣುಮಕ್ಕಳು ಎಲ್ಲಿಯ ತನಕ ಬರಬಹುದು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ, ಮೆಟ್ಟಿಲುಗಳೇ ಹೇಳುತ್ತಿದ್ದವು. ಜೋಳ ನೆಲದಡಿಯ ಹಗೇವಿನಲ್ಲಿ. ಮೇಲೆ ತೊಲೆ, ಜಂತಿ, ಅದರ ಮೇಲೆ ದಪ್ಪ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಬೇಸಿಗೆಗೆ ತಂಪಾದ ಈ ಮಾಳಿಗೆ ಮಳೆಗಾಲಕ್ಕೆ ಮುಂಚೆ ವರ್ಷವರ್ಷವೂ ಹೊಸ ಮಣ್ಣು ಬೇಡುತ್ತದೆ. ಬಿಟ್ಟಿ ದುಡಿಯುವ ಆಳುಗಳಿದ್ದಾಗ ಅದೇನೂ ಭಾರವಾಗಿರಲಿಲ್ಲ.

1818ರಲ್ಲಿ ಪೇಶ್ವೆಯವರು ಸೋತು ಈ ಸೀಮೆ ಕಂಪನಿಯ ಕೈಸೇರಿದಾಗ ಕೋಟೆಯ ಕೆಲಸ ಮುಗಿಯಿತು. ಆಮೇಲೆ 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ವಿಂಗೇಟ್ ನಡೆಸಿದ ಭೂಮಾಪನ ಬಂತು, ರೈತ ನೇರವಾಗಿ ಸರ್ಕಾರಕ್ಕೆ ಕಂದಾಯ ಕಟ್ಟತೊಡಗಿದ. ವತನ, ಅಂದರೆ ಹುದ್ದೆಯ ಜೊತೆ ವಂಶಕ್ಕೆ ಬಂದ ಭೂಮಿ, ಹಕ್ಕು, ಉಳಿಯಿತು; ಅಧಿಕಾರ ಸವೆಯಿತು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ, 1861ರಿಂದ 1865ರವರೆಗೆ, ಧಾರವಾಡ ಸೀಮೆಯ ಹತ್ತಿಗೆ ಬಂದ ಬೆಲೆ ಊರಿಗೆ ಹೊಸ ಹಣ ತಂದಿತು. 1880ರ ದಶಕದಲ್ಲಿ ರೈಲು ಬಂದ ಮೇಲೆ ದೂರದ ಸಾಮಾನು ಸಲೀಸಾಗಿ ಬರತೊಡಗಿತು. ಮಂಗಳೂರು ಹಂಚು ಮಣ್ಣಿನ ಮಾಳಿಗೆಯ ಜಾಗ ಹಿಡಿಯಿತು. ರಾಣೆಬೆನ್ನೂರಿನ ಹತ್ತಿ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರ ಮಾಡಿದವರ ಮನೆಗಳು ಕಂಬ, ಪಡಸಾಲೆಯನ್ನು ವಾಡೆಯಿಂದಲೇ ತೆಗೆದುಕೊಂಡು, ಮುಖವನ್ನು ಮಾತ್ರ ಪೇಟೆಯ ಬೀದಿಗೆ ತಿರುಗಿಸಿದವು. ದೊಡ್ಡಮನೆಯ ಗತ್ತು ವತನದಿಂದ ಅಂಗಡಿಗೆ ದಾಟಿದ್ದು ಹೀಗೆ.

ಕಾನೂನಿನ ಪೆಟ್ಟು ಒಂದರ ಹಿಂದೊಂದು ಬಿತ್ತು. ಮುಂಬಯಿ ಸರ್ಕಾರದ 1948ರ ಗೇಣಿ ಕಾಯ್ದೆ, 1950ರ ಪರಗಣಾ ಮತ್ತು ಕುಲಕರ್ಣಿ ವತನ ರದ್ದತಿ, ಏಕೀಕರಣದ ನಂತರ 1961ರ ಗ್ರಾಮಾಧಿಕಾರ ರದ್ದತಿ (ಜಾರಿಗೆ ಬಂದದ್ದು 1963ರಲ್ಲಿ), ಕೊನೆಗೆ 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆ ತಿದ್ದುಪಡಿ. ಅದೇ 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ, ಕೆಡವಲ್ಪಟ್ಟ ಹಳ್ಳಿಗಾಡಿನ ಬಂಗಲೆಗಳ ಬಗ್ಗೆ ಒಂದು ಪ್ರದರ್ಶನ ಇಟ್ಟು ಜನರ ಕಣ್ಣು ತೇವ ಮಾಡಿತ್ತು. ಅಲ್ಲಿ ತೆರಿಗೆ ಕಟ್ಟಲಾಗದ ಲಾರ್ಡುಗಳು ನ್ಯಾಷನಲ್ ಟ್ರಸ್ಟಿಗೆ ಮನೆ ಒಪ್ಪಿಸಬಹುದಿತ್ತು. ಇಲ್ಲಿ ಗೇಣಿದಾರನಿಗೆ ಹೊಲ ಸಿಕ್ಕಿತು. ವಾಡೆಗಾಗಿ ಅಳುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ದಾನದ ದಾರಿ ನಮ್ಮಲ್ಲಿ ಇರಲೇ ಇಲ್ಲವೆಂದಲ್ಲ. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ವಿದ್ಯೆಗೆ ಬರೆದಿಟ್ಟರು. ಕಡಲಾಚೆಯ ಟ್ರಸ್ಟು ಮನೆ ಉಳಿಸಿದರೆ, ಇವರ ಉಯಿಲು ಓದುವ ಹುಡುಗರ ಶುಲ್ಕ ಕಟ್ಟಿತು. ನನಗೆ ಇದೇ ದೊಡ್ಡದು ಅನ್ನಿಸುತ್ತದೆ.

ಇನ್ನು ಕೆಲವು ಹಳೆಯ ಮನೆಗಳು ನಿಂತ ನೆಲವನ್ನೇ ಬಿಟ್ಟು ಹೋದವು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಕಟ್ಟಿದ ಪಾರಂಪರಿಕ ಗ್ರಾಮದಲ್ಲಿ ಬೇರೆ ಬೇರೆ ಊರಿನ ಮನೆಗಳು ಕಂಬ ಸಮೇತ ಬಂದು ನಿಂತಿವೆ. ಮರ ಉಳಿಯಿತು, ಊರು ತಪ್ಪಿತು. ಶಿಗ್ಗಾಂವಿ ಹತ್ತಿರದ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಉತ್ತರ ಕರ್ನಾಟಕದ ಹಳ್ಳಿ ಬದುಕನ್ನು ಆಳೆತ್ತರದ ಪ್ರತಿಮೆಗಳಲ್ಲಿ ನಿಲ್ಲಿಸಿದರು. ಅಲ್ಲಿಗೆ ಟಿಕೆಟ್ ತೆಗೆದುಕೊಂಡು ಜನ ಹೋಗುತ್ತಾರೆ.

ಊರಲ್ಲೇ ಉಳಿದ ವಾಡೆಗಳಿಗೆ ಈಗ ಕಾನೂನಿಗಿಂತ ಪಾಲುಪಟ್ಟಿಯೇ ಕಂಟಕ. ಪಡಸಾಲೆಯ ನಡುವೆ ಇಟ್ಟಿಗೆ ಗೋಡೆ ಎದ್ದು, ಒಂದು ಪಾಲು ಗೊಬ್ಬರ, ಬೀಜದ ಚೀಲಗಳಿಗೆ ಬಾಡಿಗೆ, ಇನ್ನೊಂದಕ್ಕೆ ಬೀಗ. ಅಣ್ಣ ಹುಬ್ಬಳ್ಳಿಯಲ್ಲಿ, ತಮ್ಮ ಪುಣೆಯಲ್ಲಿ. ಹಂಚು ಬದಲಿಸಲಿಕ್ಕೂ ಎಲ್ಲರ ಸಹಿ ಬೇಕು.