ನುಡಿಯುವ ತಪ್ಪು, ಮೌನದ ತಪ್ಪು: ಗಣಕದ ದೋಷಶೋಧನೆಯ ಚರಿತ್ರೆ

ಕಸುಬುಗಳಿಗೆ ತಮ್ಮವೇ ಆದ ಮೂಲಕಥೆಗಳಿರುತ್ತವೆ. ಗಣಕಕ್ಕೆ ಆದೇಶ ಬರೆಯುವವರ ಸಮುದಾಯದಲ್ಲಿ ಅಂತಹ ಕಥೆ ಪತಂಗವೊಂದರದು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಗಣಕದ ರಿಲೇಯಲ್ಲಿ ಸಿಕ್ಕಿಕೊಂಡಿದ್ದ ಪತಂಗವನ್ನು ಸಿಬ್ಬಂದಿ ಹೊರತೆಗೆದು ದಿನವಹಿಯಲ್ಲಿ ಅಂಟಿಸಿದರು. ನಿಜವಾದ ಹುಳುವೇ ದೊರೆತ ಮೊದಲ ಪ್ರಸಂಗವಿದೆಂದು ವಿನೋದದ ಟಿಪ್ಪಣಿಯನ್ನೂ ಬರೆದರು. ದೋಷಕ್ಕೆ ‘ಬಗ್’ ಎಂಬ ಹೆಸರು ಅಂದೇ ಹುಟ್ಟಿತೆಂಬುದು ಜನಜನಿತ. ಆದರೆ ಥಾಮಸ್ ಎಡಿಸನ್ 1878ರ ಪತ್ರವೊಂದರಲ್ಲಿಯೇ ಆ ಪದವನ್ನು ಯಂತ್ರದೋಷದ ಅರ್ಥದಲ್ಲಿ ಬಳಸಿದ್ದನು. ಪದವು ಮೊದಲೇ ರೂಢಿಯಲ್ಲಿರದಿದ್ದರೆ ಟಿಪ್ಪಣಿಯ ವಿನೋದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಗ್ರೇಸ್ ಹಾಪರ್ ಹೇಳುತ್ತ ಬಂದುದರಿಂದ ಕಥೆ ಹರಡಿತು. ಪದವೊಂದಕ್ಕೆ ಘಟನೆಯನ್ನು ಜೋಡಿಸುವುದು ಐತಿಹ್ಯದ ಲಕ್ಷಣ. ಇಲ್ಲಿ ಐತಿಹ್ಯವು ತಪ್ಪನ್ನು ಹೊರಗಿನಿಂದ ಬಂದ ಜೀವಿಯ ಮೇಲೆ ಹೊರಿಸಿತು. ಚರಿತ್ರೆಯಾದರೋ ತಪ್ಪು ಬರೆದವನ ಕೈಯಲ್ಲೇ ಇರುವುದನ್ನು ತೋರಿಸುತ್ತದೆ.

ಆ ತಪ್ಪನ್ನು ಯಂತ್ರವೇ ಹೇಳುವಂತಾದದ್ದು ಕಂಪೈಲರ್‌ಗಳಿಂದ. ಮನುಷ್ಯನಿಗೆ ತಿಳಿಯುವ ಆದೇಶಗಳನ್ನು ಯಂತ್ರದ ಸಂಕೇತಗಳಿಗೆ ಪರಿವರ್ತಿಸುವ ಸಾಧನವಿದು. ಜಾನ್ ಬ್ಯಾಕಸ್ ತಂಡ 1957ರಲ್ಲಿ ನೀಡಿದ ಫೋರ್ಟ್ರಾನ್ ಕಂಪೈಲರ್ ದೋಷ ಕಂಡಾಗ ಯಂತ್ರವನ್ನು ನಿಲ್ಲಿಸಿ ಸಂಕೇತಸಂಖ್ಯೆಯೊಂದನ್ನು ತೋರಿಸುತ್ತಿತ್ತು. ಅದರ ಅರ್ಥವನ್ನು ಕೈಪಿಡಿಯಲ್ಲಿ ಹುಡುಕಿಕೊಳ್ಳಬೇಕಿತ್ತು. ಮುಂದಿನ ಕಂಪೈಲರ್‌ಗಳು ಸಾಲಿನ ಸಂಖ್ಯೆಯನ್ನೂ ಕಾರಣವನ್ನೂ ಹೇಳತೊಡಗಿದವು. ಆದರೂ ಅವು ತೋರಿಸುವುದು ಓದು ಮುಗ್ಗರಿಸಿದ ಸ್ಥಳವನ್ನೇ ಹೊರತು ತಪ್ಪು ನಡೆದ ಸ್ಥಳವನ್ನಲ್ಲ. ಎಲ್ಲಿಯೋ ಬಿಟ್ಟುಹೋದ ಒಂದು ಆವರಣ ಚಿಹ್ನೆ ಹಲವು ಸಾಲುಗಳಾಚೆ ದೂರುಗಳ ಸರಮಾಲೆಯನ್ನೇ ಎಬ್ಬಿಸಬಲ್ಲದು. ಮೊದಲ ದೂರನ್ನು ಮೊದಲು ಪರಿಹರಿಸಬೇಕೆಂಬ ವಾಡಿಕೆ ಬೆಳೆದುದು ಇದರಿಂದಲೇ.

ಮಾಹಿತಿಕೋಶದ ಪ್ರಶ್ನೆಗಳ ಸ್ವಭಾವ ಬೇರೆ. ಇ. ಎಫ್. ಕಾಡ್ 1970ರಲ್ಲಿ ಮಾಹಿತಿಯನ್ನು ಕೋಷ್ಟಕಗಳ ಸಂಬಂಧವಾಗಿ ನಿರೂಪಿಸಿದನು. 1974ರಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ರೂಪಿಸಿದ ಭಾಷೆಯೇ ಮುಂದೆ ಎಸ್‌ಕ್ಯೂಎಲ್ ಆಯಿತು. ಇದರಲ್ಲಿ ವ್ಯಾಕರಣ ತಪ್ಪಿದರೆ ಯಂತ್ರ ದೂರುತ್ತದೆ. ಪ್ರಶ್ನೆಯೇ ಸಾಲದಾದರೆ ದೂರುವುದಿಲ್ಲ. ಉತ್ತರ ಕರ್ನಾಟಕದ ಹೆಳವರು ತಮ್ಮ ಒಕ್ಕಲುಮನೆಗಳ ವಂಶಾವಳಿಯನ್ನು ತಲೆಮಾರುಗಳುದ್ದಕ್ಕೂ ಹೇಳುತ್ತ ಬಂದವರು. ಎಷ್ಟು ತಲೆಮಾರು ಎಂದು ಮೊದಲೇ ಗೊತ್ತಿಲ್ಲದೆ ಮೂಲಪುರುಷನವರೆಗೆ ಸಾಗುವ ಇಂತಹ ಪ್ರಶ್ನೆಯನ್ನು ಕಾಡ್‌ನ ಸಂಬಂಧಗಣಿತದಲ್ಲಿ ಕೇಳಲಾಗದೆಂದು ಆಹೋ ಮತ್ತು ಉಲ್‌ಮನ್ 1979ರಲ್ಲಿ ಸಾಧಿಸಿದರು. ಪುನರಾವರ್ತಿ ಪ್ರಶ್ನೆಗೆ ಎಸ್‌ಕ್ಯೂಎಲ್ ಮಾನಕದಲ್ಲಿ ಸ್ಥಾನ ದೊರೆತುದು 1999ರಲ್ಲಿ.

ಪ್ರಶ್ನೆ ಸರಿಯಿದ್ದರೂ ಲಿಪಿಯ ಸಂಕೇತದಿಂದ ಉತ್ತರ ತಪ್ಪಬಹುದು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡವಿತ್ತು. ಅದರ ವ್ಯವಸ್ಥೆಯಲ್ಲಿ ‘ಕೋಲಾಟ’ದ ಓಕಾರ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಮೂರು ಸಂಕೇತಗಳ ಸರಣಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಸಂಕೇತಗಳನ್ನಷ್ಟೇ ಹೋಲಿಸುವ ಮಾಹಿತಿಕೋಶಕ್ಕೆ ಅವು ಬೇರೆ ಬೇರೆ ಪದಗಳು. ದಾಖಲಿಸುವಾಗಲೂ ಹುಡುಕುವಾಗಲೂ ಎರಡನ್ನು ಒಂದೇ ರೂಪಕ್ಕೆ ತರದಿದ್ದಲ್ಲಿ, ಸಂಗ್ರಹದಲ್ಲಿರುವ ಕೋಲಾಟದ ಪದಗಳು ಹುಡುಕಿದವರಿಗೆ ದೊರೆಯಲಾರವು.

ಗ್ರಂಥಾಲಯಗಳೂ ಜಾನಪದ ಸಂಗ್ರಹಗಳೂ ಗಣಕವನ್ನು ನೆಚ್ಚಿರುವಾಗ ಈ ಭೇದ ಮಹತ್ವದ್ದಾಗುತ್ತದೆ. ಕಂಪೈಲರ್‌ನ ದೂರು ಕೆಲಸವನ್ನು ತಡೆದು ತಿದ್ದಿಸುತ್ತದೆ. ಮಾಹಿತಿಕೋಶದ ಬರಿದಾದ ಉತ್ತರವಾದರೋ ‘ಇಂತಹ ಹಾಡು ಈ ಸೀಮೆಯಲ್ಲಿಲ್ಲ’ ಎಂಬ ನಿರ್ಣಯವಾಗಿ ಪ್ರಬಂಧವನ್ನು ಸೇರಿಬಿಡಬಹುದು. ಹಾಡಿದ ವಕ್ತೃ ಕಾಲವಾದ ಮೇಲೆ ಅದನ್ನು ತಿದ್ದುವವರು ದೊರೆಯುವುದು ಕಷ್ಟ. ಆದುದರಿಂದ ‘ಇಲ್ಲ’ ಎಂಬ ಉತ್ತರವನ್ನು ಒಪ್ಪುವ ಮುನ್ನ ಕೇಳಿದ ಪ್ರಶ್ನೆಯನ್ನೂ, ದಾಖಲೆಯ ಅಕ್ಷರರೂಪವನ್ನೂ, ಮೂಲ ಹಸ್ತಪ್ರತಿಯನ್ನೂ ಪರಿಶೀಲಿಸುವುದು ಸಂಶೋಧಕನ ಹೊಣೆಯಾಗುತ್ತದೆ.