‘ಗಡಿರೇಖೆ’ ಎಂಬ ವ್ಯಾಧಿನಾಮ

ವ್ಯಾಧಿಯ ಹೆಸರು ವ್ಯಾಧಿಯ ಸ್ವರೂಪವನ್ನು ಬೋಧಿಸಬೇಕೆಂಬುದು ನ್ಯಾಯ. ಆದರೆ ಮನೋವೈದ್ಯಶಾಸ್ತ್ರದಲ್ಲಿ ‘ಬಾರ್ಡರ್‌ಲೈನ್’, ಎಂದರೆ ಗಡಿರೇಖೆ, ಎಂದು ಪ್ರಸಿದ್ಧವಾದ ವ್ಯಕ್ತಿತ್ವವ್ಯಾಧಿಯ ಹೆಸರು ರೋಗಿಯ ಸ್ಥಿತಿಗಿಂತಲೂ ವೈದ್ಯರ ಸಂಶಯವನ್ನೇ ಹೆಚ್ಚಾಗಿ ಸೂಚಿಸುವುದು.

1938ನೆಯ ಇಸವಿಯಲ್ಲಿ ನ್ಯೂಯಾರ್ಕಿನ ಮನೋವಿಶ್ಲೇಷಕರಾದ ಅಡಾಲ್ಫ್ ಸ್ಟರ್ನ್ ಎಂಬವರು ಒಂದು ಬಗೆಯ ರೋಗಿಗಳನ್ನು ಕುರಿತು ಲೇಖನ ಬರೆದರು. ಇವರಿಗೆ ಬುದ್ಧಿಭ್ರಮಣೆಯಿಲ್ಲ, ಸಾಮಾನ್ಯ ಮನೋದೌರ್ಬಲ್ಯಕ್ಕೆ ಮಾಡುವ ಚಿಕಿತ್ಸೆಯೂ ಫಲಿಸದು. ಆದುದರಿಂದ ಇವರು ಎರಡರ ಎಲ್ಲೆಯಲ್ಲಿರುವವರೆಂದು ಭಾವಿಸಲ್ಪಟ್ಟರು. ಹೊಸ್ತಿಲ ಮೇಲಣ ದೀಪವು ಎರಡು ಕಡೆಯನ್ನೂ ಬೆಳಗುವುದಂತೆ. ಹೊಸ್ತಿಲಲ್ಲಿ ನಿಂತ ಈ ರೋಗಿಗಳಿಗಾದರೋ ಯಾವ ಕಡೆಯ ಬೆಳಕೂ ದೊರೆಯಲಿಲ್ಲ.

1967ರಲ್ಲಿ ಆಟೋ ಕರ್ನ್‌ಬರ್ಗರು ಇದನ್ನು ವ್ಯಕ್ತಿತ್ವದ ರಚನೆಯೊಂದೆಂದು ವಿವರಿಸಿದರು. 1975ರಲ್ಲಿ ಗಂಡರ್ಸನ್ ಮತ್ತು ಸಿಂಗರ್ ಎಂಬ ವಿದ್ವಾಂಸರು ಲಕ್ಷಣಗಳನ್ನು ನಿಷ್ಕರ್ಷಿಸಿದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವಿತ್ತಿತು. ಪರಿತ್ಯಕ್ತರಾಗುವೆವೆಂಬ ತೀವ್ರ ಭಯ, ಒಬ್ಬರನ್ನೇ ಇಂದು ದೇವರೆಂದೂ ನಾಳೆ ವೈರಿಯೆಂದೂ ಎಣಿಸುವ ಚಾಂಚಲ್ಯ, ತಾನಾರೆಂಬುದರಲ್ಲಿ ಅನಿಶ್ಚಯ, ಶೂನ್ಯಭಾವ, ಅಡಗದ ಕೋಪ, ಆತ್ಮಹಿಂಸೆ ಮುಂತಾದ ಒಂಬತ್ತು ಲಕ್ಷಣಗಳನ್ನು ಇಂದಿನ ಆವೃತ್ತಿಯು ಹೇಳುತ್ತದೆ. ಅವುಗಳಲ್ಲಿ ಐದಾದರೂ ಇರಬೇಕು.

ಹೆಸರು ಸ್ಥಿರವಾದರೂ ರೋಗಿಗಳ ಕಷ್ಟ ತೀರಲಿಲ್ಲ. ಇವರು ಹಟಮಾರಿಗಳು, ಕಪಟಿಗಳು, ಗುಣವಾಗದವರು ಎಂಬ ತಾತ್ಸಾರವು ಚಿಕಿತ್ಸಕರಲ್ಲಿಯೂ ಬೇರೂರಿತು. ಇದನ್ನು ಅಲುಗಿಸಿದವರಲ್ಲಿ ಮಾರ್ಷಾ ಲಿನೆಹನ್ ಪ್ರಮುಖರು. ಭಾವೋದ್ವೇಗವನ್ನು ತಡೆದುಕೊಳ್ಳುವ ಕೌಶಲವನ್ನು ವಿದ್ಯೆಯಂತೆ ಕಲಿಸಬಹುದೆಂದು ಅವರು ನಂಬಿದರು. ರೋಗಿಯ ನೋವು ನಿಜವೆಂದು ಒಪ್ಪಬೇಕು, ನಡತೆ ಮಾರ್ಪಡಬೇಕೆಂದೂ ಹೇಳಬೇಕು. 1991ರಲ್ಲಿ ಪ್ರಕಟವಾದ ಅವರ ಪರೀಕ್ಷೆಯು ಈ ಕ್ರಮದಿಂದ ಆತ್ಮಹಿಂಸೆ ಕಡಮೆಯಾಗುವುದನ್ನು ತೋರಿಸಿತು. 2011ರಲ್ಲಿ ಅವರು ಬಹಿರಂಗವಾಗಿ ಹೇಳಿದ ಸಂಗತಿಯು ಮತ್ತೂ ಗಮನಾರ್ಹವಾದುದು: 1961ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ತಮ್ಮ ದೇಹವನ್ನು ತಾವೇ ಹಿಂಸಿಸಿಕೊಳ್ಳುತ್ತ ಮನೋರೋಗಾಲಯದಲ್ಲಿ ಎರಡು ವರ್ಷಕ್ಕೂ ಮಿಕ್ಕಿ ಇದ್ದವರು ಅವರೇ.

ಗುಣವಾಗದೆಂಬ ಮಾತನ್ನು ಕಾಲವೂ ಸುಳ್ಳುಮಾಡಿತು. 1992ರಿಂದ ಅಮೆರಿಕದ ಮ್ಯಾಕ್ಲೀನ್ ಆಸ್ಪತ್ರೆಯವರು ರೋಗಿಗಳನ್ನು ವರ್ಷಾನುವರ್ಷ ಅನುಸರಿಸಿ ನೋಡಲಾಗಿ, ಬಹುಪಾಲು ಜನರಲ್ಲಿ ಲಕ್ಷಣಗಳು ಶಮನಗೊಂಡುವು. ಉದ್ಯೋಗ ಮತ್ತು ಬಾಂಧವ್ಯಗಳು ನೆಲೆಗೊಳ್ಳುವುದು ಮಾತ್ರ ಅಷ್ಟು ಸುಲಭವಾಗಲಿಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿಯೂ ಆ ಹಳೆಯ ಹೆಸರು ಉಳಿದುಕೊಂಡಿದೆ.

ಹೆಸರು ಉಳಿಯಲಿ, ಅದರೊಡನೆ ಬಂದ ತಾತ್ಸಾರವು ಉಳಿಯಬಾರದು. ಮನೆಯ ಮಗನೋ ಮಗಳೋ ‘ಬದುಕಲಾರೆ’ ಎಂದಾಗ ಅದನ್ನು ನಟನೆಯೆಂದು ತಳ್ಳಿಹಾಕದೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯುವುದೇ ಹಿರಿಯರ ಕರ್ತವ್ಯ.