ಪೂಟಕೂಳಿನ ಮನೆಯಿಂದ ಉಡುಪಿ ಹೋಟೆಲಿಗೆ: ವಿಜಯವಾಡ, ವಿಶಾಖಪಟ್ಟಣಗಳ ಭೋಜನಗೃಹಗಳು

ರಾಜರ ದಂಡಯಾತ್ರೆಗಳಿಗೂ ದಾನಶಾಸನಗಳಿಗೂ ಚರಿತ್ರೆಯಲ್ಲಿ ದೊರೆತ ಸ್ಥಾನ, ಜನರು ದಿನವೂ ಹಣ ಕೊಟ್ಟು ಉಂಡ ಎಡೆಗಳಿಗೆ ದೊರೆತಿಲ್ಲ. ಆದರೂ ಒಂದು ನಾಡಿನ ಜನ ಮತ್ತೊಂದು ನಾಡಿನ ನಡುವೆ ಹೋಗಿ ನೆಲೆಸಿದ ಬಗೆಯನ್ನು ತಿಳಿಯಬೇಕಾದರೆ ಎಷ್ಟೋ ವೇಳೆ ಶಾಸನಕ್ಕಿಂತ ಅಡಿಗೆಯ ಮನೆಯೇ ಹೆಚ್ಚು ಸಾಕ್ಷ್ಯವನ್ನು ನುಡಿಯುತ್ತದೆ. ಹೊರನಾಡ ಕನ್ನಡಿಗರ ಚರಿತ್ರೆಯಲ್ಲಿ ಉಡುಪಿ ಹೋಟೆಲಿಗೆ ಇಂಥ ಸಾಕ್ಷಿಯ ಸ್ಥಾನವಿದೆ. ಮದರಾಸು, ಮುಂಬಯಿಗಳಲ್ಲಿ ಅದು ಬೆಳೆದ ಕಥೆ ಅನೇಕರಿಗೆ ಪರಿಚಿತ. ಪೂರ್ವ ಕರಾವಳಿಯ ವಿಜಯವಾಡ, ವಿಶಾಖಪಟ್ಟಣಗಳ ಕಥೆ ಅಷ್ಟು ಪರಿಚಿತವಲ್ಲ. ಅಲ್ಲಿ 'ಉಡಿಪಿ ಹೋಟಲ್' ಎಂಬುದು ತೆಲುಗಿನ ಮಾತೇ ಆಗಿಹೋಗಿದೆ. ಶಾಕಾಹಾರದ ತಿಂಡಿ ದೊರೆಯುವ ಅಂಗಡಿಗೆ, ಅದರ ಒಡೆಯ ಯಾವ ನಾಡಿನವನಾದರೂ, ಆ ಹೆಸರು ಸಲ್ಲುತ್ತದೆ. ಊರಿನ ಹೆಸರು ವಸ್ತುವಿನ ಹೆಸರಾದಾಗ ಅದನ್ನು ಹೊತ್ತು ತಂದವರು ಮರೆಯಾಗುವುದು ಸಹಜ. ಆ ಹೆಸರು ಅಲ್ಲಿಗೆ ತಲುಪಿದುದು ಯಾವ ದಾರಿಯಿಂದ, ಅದು ಆ ನಗರಗಳಿಗೆ ಏನನ್ನು ಕೊಟ್ಟಿತು, ಅವುಗಳಿಂದ ಏನನ್ನು ಪಡೆಯಿತು ಎಂಬುದು ವಿಚಾರಾರ್ಹವಾದ ವಿಷಯ.

೧

ಹಣ ತೆಗೆದುಕೊಂಡು ಅನ್ನವಿಕ್ಕುವ ಪದ್ಧತಿಯನ್ನು ಆಂಧ್ರಕ್ಕೆ ಕಲಿಸಿದವರು ಉಡುಪಿಯವರೆಂದು ಹೇಳಿದರೆ ಅದು ಚರಿತ್ರೆಗೆ ಅಪಚಾರವಾದೀತು. ಕೆಲವರು ಶ್ರೀನಾಥನದೆಂದೂ ಕೆಲವರು ವಿನುಕೊಂಡ ವಲ್ಲಭರಾಯನದೆಂದೂ ಹೇಳುವ 'ಕ್ರೀಡಾಭಿರಾಮಮು' ಎಂಬ ತೆಲುಗು ಕೃತಿಯಲ್ಲಿ ಓರುಗಲ್ಲಿನ ಒಂದು ಊಟದ ಮನೆಯ ವರ್ಣನೆಯಿದೆ. ಒಂದು ರೂಕೆಗೆ ಅಲ್ಲಿ ಸಣ್ಣಕ್ಕಿಯ ಅನ್ನ, ಗೋಧಿಯ ಭಕ್ಷ್ಯ, ಹೆಸರುಬೇಳೆ, ಹೊಸ ತುಪ್ಪ, ಬಾಳೆಹಣ್ಣು, ಗಟ್ಟಿ ಮೊಸರು ದೊರೆಯುತ್ತಿದ್ದುವು. ಗುರಜಾಡ ಅಪ್ಪಾರಾವ್ ಅವರ 'ಕನ್ಯಾಶುಲ್ಕಮು' ೧೮೯೨ರಲ್ಲಿ ರಂಗವನ್ನೇರಿ ೧೮೯೭ರಲ್ಲಿ ಅಚ್ಚಾಯಿತು. ವಿಶಾಖಪಟ್ಟಣಕ್ಕೆ ನೆರೆಯಾದ ವಿಜಯನಗರದಲ್ಲಿ ಊಟದ ಮನೆ ನಡೆಸುವ ವಿಧವೆಯೊಬ್ಬಳು ಅದರಲ್ಲಿ ಒಂದು ಪಾತ್ರ. ನಾಟಕದ ಉದ್ದಕ್ಕೂ ಅವಳಿಗೆ 'ಪೂಟಕೂಳ್ಳಮ್ಮ' ಎಂದೇ ಹೆಸರು. ಉದ್ಯೋಗವೇ ಅವಳ ನಾಮಧೇಯ.

ಈ ಶಬ್ದ ಕನ್ನಡಿಗನಿಗೆ ಅಪರಿಚಿತವಾಗಬೇಕಾಗಿಲ್ಲ. 'ಪೂಟ' ಎಂದರೆ ಹೊತ್ತು. 'ಕೂಡು', ಬಹುವಚನದಲ್ಲಿ 'ಕೂಳ್ಳು', ಎಂದರೆ ನಮ್ಮ ಕೂಳೇ. ಹೊತ್ತಿನ ಕೂಳನ್ನು ಇಕ್ಕುವ ಮನೆಯೆಂದು ಅರ್ಥ. ಕನ್ನಡದಲ್ಲಿ ಕೂಳು ಎಂಬ ಮಾತು ಕಾಲಕ್ರಮದಲ್ಲಿ ಹೀನಾರ್ಥವನ್ನು ತಾಳಿತು; ತೆಲುಗಿನಲ್ಲಿಯೂ ಪೂಟಕೂಳಿನ ಮನೆಗೆ ಹೆಚ್ಚಿನ ಗೌರವವಿದ್ದಂತೆ ತೋರುವುದಿಲ್ಲ. ಆದರೆ ಬದುಕಿಗೆ ಬೇರೆ ಆಸರೆಯಿಲ್ಲದ ಹೆಂಗಸಿಗೆ ಸ್ವಂತ ಗಳಿಕೆಯ ದಾರಿಯನ್ನು ತೆರೆದ ಕೆಲವೇ ಉದ್ಯೋಗಗಳಲ್ಲಿ ಅದೂ ಒಂದಾಗಿತ್ತು. ಕಚೇರಿಯ ಕೆಲಸಕ್ಕೆ ಬಂದವರು, ವ್ಯಾಜ್ಯಕ್ಕೆ ಬಂದವರು, ಓದುವ ಹುಡುಗರು ಅಲ್ಲಿ ಉಣ್ಣುತ್ತಿದ್ದರು. ಉಣ್ಣುವವನ ಜಾತಿ ಗೊತ್ತಿರಬೇಕು, ಹೊತ್ತಿಗೆ ಸರಿಯಾಗಿ ಬರಬೇಕು, ಇಕ್ಕಿದ್ದನ್ನು ಉಣ್ಣಬೇಕು. ಉತ್ತರ ಕರ್ನಾಟಕದ ಖಾನಾವಳಿಯನ್ನು ಬಲ್ಲವರಿಗೆ ಇದರ ಸ್ವರೂಪ ಸುಲಭವಾಗಿ ಮನಸ್ಸಿಗೆ ಬರುತ್ತದೆ. ಉಡುಪಿ ಹೋಟೆಲು ಬಂದು ನಿಂತುದು ಇಂಥ ಮನೆಯ ಪಕ್ಕದಲ್ಲಿ.

೨

ಉಡುಪಿಯಿಂದ ವಿಶಾಖಪಟ್ಟಣ ಇಂದು ಬಹುದೂರವೆಂದು ತೋರುತ್ತದೆ. ಒಂದು ಕಾಲಕ್ಕೆ ಈ ಎರಡೂ ಒಂದೇ ಆಡಳಿತಕ್ಕೆ ಸೇರಿದ್ದುವೆಂಬುದನ್ನು ಮರೆತರೆ ಈ ವಲಸೆಯ ಮರ್ಮ ತಿಳಿಯದು. ೧೮೬೨ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೂ ದಕ್ಷಿಣ ಕನ್ನಡ ಮದರಾಸು ಪ್ರಾಂತದಲ್ಲಿಯೇ ಉಳಿಯಿತು. ಕೃಷ್ಣಾ, ಗೋದಾವರಿ, ವಿಶಾಖಪಟ್ಟಣ ಜಿಲ್ಲೆಗಳೂ ಅದೇ ಪ್ರಾಂತದವು. ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯ ಬೇರೆಯಾಗುವವರೆಗೂ ಮಂಗಳೂರಿನವನಿಗೂ ವಿಶಾಖಪಟ್ಟಣದವನಿಗೂ ಸರ್ಕಾರ ಒಂದೇ, ಹೈಕೋರ್ಟು ಒಂದೇ, ರಾಜಧಾನಿ ಮದರಾಸೇ.

ಮಂಗಳೂರಿಗೆ ರೈಲು ಬಂದುದು ೧೯೦೭ರಲ್ಲಿ. ಅದಕ್ಕೆ ಮುನ್ನ ೧೯೦೦ರಲ್ಲಿ ರಾಜಮಹೇಂದ್ರಿಯ ಬಳಿ ಗೋದಾವರಿಗೆ ಸೇತುವೆಯಾಗಿ, ಬೆಜವಾಡದಿಂದ ವಾಲ್ತೇರಿನತ್ತ ಹೋಗುವ ಹಾದಿ ತೆರೆದಿತ್ತು. ಅಲ್ಲಿಂದ ಮುಂದೆ ಕರಾವಳಿಯ ಹುಡುಗನೊಬ್ಬ ಮದರಾಸಿನಲ್ಲಿ ಕೆಲಸ ಕಲಿತು ಬೆಜವಾಡಕ್ಕೆ ಹೋಗುವುದು ಒಂದು ರಾತ್ರಿಯ ಪ್ರಯಾಣವಾಯಿತು. ಮತ್ತೊಂದು ದಾರಿ ಹುಬ್ಬಳ್ಳಿ, ಬಳ್ಳಾರಿ, ಗುಂತಕಲ್ಲುಗಳ ಮೂಲಕ ಬೆಜವಾಡವನ್ನು ಸೇರುತ್ತಿತ್ತು. ಅದು ಧಾರವಾಡದಲ್ಲಿ ಮುಖ್ಯ ಕಚೇರಿಯನ್ನು ಹೊಂದಿದ್ದ ಸದರ್ನ್ ಮರಾಠಾ ರೈಲ್ವೆಯ ಮಾರ್ಗ. ಹೀಗೆ ಬೆಜವಾಡ ಎರಡು ಕನ್ನಡ ಸೀಮೆಗಳಿಂದ ಬರುವವರಿಗೂ ಕೂಡುದಾಣವಾಗಿತ್ತು. ೧೯೨೩ರಲ್ಲಿ ದಕ್ಷಿಣ ಕನ್ನಡದಲ್ಲಿ ಬಂದ ಮಹಾಪ್ರವಾಹ ಅನೇಕ ಸಂಸಾರಗಳನ್ನು ನೆಲೆ ತಪ್ಪಿಸಿತು. ಗದ್ದೆಯಿಂದ ಹೊಟ್ಟೆ ತುಂಬದ ಮನೆಗಳ ಹುಡುಗರು ಘಟ್ಟ ಹತ್ತಿ ಹೋಗುವುದು ಆಗ ಇನ್ನೂ ಹೆಚ್ಚಿತು.

ಹೋದ ಕಡೆಯಲ್ಲಿ ಉಣ್ಣುವವರು ಬೇಕಷ್ಟೆ. ಅವರನ್ನೂ ಕಾಲವೇ ಒದಗಿಸಿತು. ೧೮೫೦ರ ದಶಕದಲ್ಲಿ ಕೃಷ್ಣೆಗೆ ಆನೆಕಟ್ಟು ಕಟ್ಟಿದ ಮೇಲೆ ಬೆಜವಾಡದ ಸುತ್ತಣ ನೆಲ ಭತ್ತದ ಕಣಜವಾಗಿತ್ತು. ರೈಲುಗಳು ಕೂಡುವ ಸ್ಥಳವಾದುದರಿಂದ ವರ್ತಕರೂ ಪ್ರಯಾಣಿಕರೂ ಅಲ್ಲಿ ತಂಗುತ್ತಿದ್ದರು. ೧೯೨೬ರಲ್ಲಿ ಆಂಧ್ರ ವಿಶ್ವವಿದ್ಯಾನಿಲಯ ಅಲ್ಲಿಯೇ ಸ್ಥಾಪಿತವಾಗಿ ೧೯೩೦ರಲ್ಲಿ ವಾಲ್ತೇರಿಗೆ ವರ್ಗವಾಯಿತು. ೧೯೩೩ರಲ್ಲಿ ವಿಶಾಖಪಟ್ಟಣದ ಬಂದರು ತೆರೆಯಿತು. ೧೯೪೧ರಲ್ಲಿ ಹಡಗು ಕಟ್ಟುವ ಕಾರ್ಖಾನೆಗೆ ಅಸ್ತಿವಾರ ಬಿದ್ದಿತು. ೧೯೪೨ರ ಏಪ್ರಿಲ್ ೬ರಂದು ಜಪಾನಿನ ವಿಮಾನಗಳು ಬಾಂಬು ಹಾಕಿದಾಗ ಊರು ಒಮ್ಮೆ ಬರಿದಾದರೂ ಬಹುಕಾಲ ಹಾಗೆ ಉಳಿಯಲಿಲ್ಲ. ೧೯೪೮ರಲ್ಲಿ 'ಜಲಉಷಾ' ಹಡಗು ನೀರಿಗಿಳಿಯಿತು. ೧೯೫೭ರಲ್ಲಿ ತೈಲಶುದ್ಧಿಯ ಕಾರ್ಖಾನೆ ಬಂದಿತು. ೧೯೭೧ರಲ್ಲಿ ಉಕ್ಕಿನ ಕಾರ್ಖಾನೆಗೆ ಶಂಕುಸ್ಥಾಪನೆಯಾಯಿತು. ಮನೆಯನ್ನು ಬಿಟ್ಟು ಬಂದು ಕೂಲಿಗೂ ಸಂಬಳಕ್ಕೂ ದುಡಿಯುವ ಗಂಡಸರು ಸಹಸ್ರಗಟ್ಟಲೆ ಸೇರುವ ಊರಿಗೆ ಪೂಟಕೂಳಿನ ಮನೆ ಸಾಲದಾಯಿತು.

೩

ಉಡುಪಿಯವರು ತಂದುದು ಇಡ್ಲಿ ದೋಸೆಗಳನ್ನೆಂದು ಸಾಮಾನ್ಯವಾಗಿ ಭಾವಿಸುವುದುಂಟು. ೧೦ನೆಯ ಶತಮಾನದ 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ' ಎಂಬ ಮಾತು ಬರುವುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿಯೇ. ಆದರೆ ಉದ್ದು ಅಕ್ಕಿಗಳ ತಿಂಡಿ ತೆಲುಗರಿಗೆ ಹೊಸದೇನೂ ಆಗಿರಲಿಲ್ಲ. ಉದ್ದಿನ 'ಮಿನಪಟ್ಟು' ಅವರ ಮನೆಗಳಲ್ಲಿ ಹಳೆಯದು. ಹೋಟೆಲು ತಂದ ಹೊಸತು ತಿಂಡಿಯಲ್ಲಿರಲಿಲ್ಲ, ವ್ಯವಸ್ಥೆಯಲ್ಲಿತ್ತು. ಯಾವ ಹೊತ್ತಿನಲ್ಲಿ ಹೋದರೂ ಏನಾದರೂ ಸಿದ್ಧವಾಗಿರುವುದು. ಬೆಲೆಯನ್ನು ಹಲಗೆಯ ಮೇಲೆ ಬರೆದು ತೂಗುಹಾಕುವುದು. ಉಂಡವನು ಗಲ್ಲಾದ ಮುಂದೆ ನಗದು ಕೊಟ್ಟು ಹೊರಡುವುದು. ಬೇಕಾದುದನ್ನು ಮಾತ್ರ, ಬೇಕಾದಷ್ಟು ಮಾತ್ರ ತರಿಸಿಕೊಳ್ಳುವುದು. ಕೊನೆಗೊಂದು ಲೋಟ ಕಾಫಿ. ಈ ಶಿಸ್ತಿನ ಮೂಲ ಉಡುಪಿಯ ಮಠಗಳ ಭೋಜನಶಾಲೆಯಲ್ಲಿದೆ. ದಿನಂಪ್ರತಿ ನೂರಾರು ಎಲೆಗಳಿಗೆ ಅಳತೆ ತಪ್ಪದೆ ಅಡಿಗೆ ಮಾಡಿ, ಹೊತ್ತು ಮೀರದೆ ಬಡಿಸುವ ವಿದ್ಯೆ ಅಲ್ಲಿ ತಲೆಮಾರುಗಳಿಂದ ಬಂದುದು. ಮಠದಲ್ಲಿ ಅನ್ನ ದಾನವಾಗಿತ್ತು. ಹೋಟೆಲಿನಲ್ಲಿ ಅದು ಕ್ರಯಕ್ಕೆ ಬಂದಿತು. ಕೈಕೆಲಸ ಅದೇ ಆಗಿ ಸಂಬಂಧ ಬೇರೆಯಾಯಿತು.

ಮದರಾಸಿನಲ್ಲಿ ಈ ವ್ಯವಸ್ಥೆಗೆ ರೂಪ ಕೊಟ್ಟವರಲ್ಲಿ ಕಡಂದಲೆಯ ಕೆ. ಕೃಷ್ಣರಾಯರು ಮುಖ್ಯರು. ಅಡಿಗೆಮನೆಯ ಚಾಕರಿಯಿಂದ ಮೇಲೆ ಬಂದ ಅವರು ೧೯೩೮ರಲ್ಲಿ ರಾಯಪೇಟೆಯಲ್ಲಿ 'ವುಡ್‌ಲ್ಯಾಂಡ್ಸ್' ತೆರೆದರು. ಪ್ರಾಂತದ ಉಳಿದ ಊರುಗಳ ಹೋಟೆಲುಗಳು ಮಾದರಿಗಾಗಿ ಮದರಾಸಿನ ಕಡೆ ನೋಡುತ್ತಿದ್ದುವು.

ಇಲ್ಲಿ ಒಂದು ಅಪ್ರಿಯವಾದ ಸತ್ಯವನ್ನೂ ಹೇಳಬೇಕು. ಮಠದಿಂದ ಶಿಸ್ತು ಬಂದಂತೆ ಪಂಕ್ತಿಭೇದವೂ ಬಂದಿತು. ಮದರಾಸು ಪ್ರಾಂತದ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೊಠಡಿಯಿರುತ್ತಿತ್ತು. ಕೆಲವು ಜಾತಿಗಳವರಿಗೆ ಒಳಗೆ ಪ್ರವೇಶವೇ ಇರಲಿಲ್ಲ. ಬೆಂಗಳೂರಿನಲ್ಲಿ ೧೯೨೪ರಲ್ಲಿ ಆರಂಭವಾಗಿ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಸಿದ್ಧವಾದ ಹೋಟೆಲಿನ ಮೊದಲ ಹೆಸರು 'ಬ್ರಾಹ್ಮಣ ಕಾಫಿ ಕ್ಲಬ್' ಎಂಬುದನ್ನು ನೆನೆಯಬಹುದು. ೧೯೫೦ರ ಸಂವಿಧಾನ ೧೫ನೆಯ ಅನುಚ್ಛೇದದಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳನ್ನು ಹೆಸರಿಸಿಯೇ ಇಂಥ ನಿರ್ಬಂಧವನ್ನು ನಿಷೇಧಿಸಿತು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದನ್ನು ದಂಡನಾರ್ಹವಾಗಿಸಿತು. ಹಾಗಿದ್ದೂ ೧೯೫೭ರಲ್ಲಿ ಮದರಾಸಿನ ತಿರುವಲ್ಲಿಕ್ಕೇಣಿಯ ಹೋಟೆಲೊಂದರ ಹಲಗೆಯಿಂದ 'ಬ್ರಾಹ್ಮಣ' ಶಬ್ದವನ್ನು ತೆಗೆಸಲು ಪೆರಿಯಾರರು ಚಳವಳಿ ಹೂಡಬೇಕಾಯಿತು. ವಿಜಯವಾಡದಲ್ಲಿ ಈ ಪ್ರಶ್ನೆಯನ್ನು ಎತ್ತಿದವರು ಗೋರಾ ಎಂದು ಪ್ರಸಿದ್ಧರಾದ ಗೋಪರಾಜು ರಾಮಚಂದ್ರರಾಯರು (೧೯೦೨–೧೯೭೫). ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ೧೯೪೦ರಲ್ಲಿ ಅವರು ಸ್ಥಾಪಿಸಿದ ನಾಸ್ತಿಕ ಕೇಂದ್ರ ೧೯೪೭ರಲ್ಲಿ ವಿಜಯವಾಡಕ್ಕೆ ಬಂದಿತು. ಎಲ್ಲ ಜಾತಿಗಳವರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ಸಹಪಂಕ್ತಿ ಭೋಜನಗಳನ್ನು ಅವರು ಏರ್ಪಡಿಸುತ್ತಿದ್ದರು. ಇಂದು ಯಾವ ಹೋಟೆಲಿನಲ್ಲಿಯೂ ಪಕ್ಕದ ಕುರ್ಚಿಯವನ ಕುಲವನ್ನು ಕೇಳದೆ ಜನ ತಿಂಡಿ ತಿನ್ನುವುದರಲ್ಲಿ ಹೋಟೆಲಿನ ನಗದು ವ್ಯವಹಾರದ ಪಾಲೂ ಉಂಟು, ಇಂಥ ಹೋರಾಟಗಳ ಪಾಲೂ ಉಂಟು. ಮೊದಲನೆಯದನ್ನು ಮಾತ್ರ ಎಣಿಸಿ ಎರಡನೆಯದನ್ನು ಬಿಡುವುದು ನ್ಯಾಯವಲ್ಲ.

೪

ಕೊಟ್ಟುದಕ್ಕಿಂತ ಪಡೆದುದರ ಲೆಕ್ಕ ಸಣ್ಣದಲ್ಲ. ಉಡುಪಿಯ ಹುಳಿಗೆ ಬೆಲ್ಲ ಬೀಳುತ್ತದೆ, ತೆಂಗಿನಕಾಯಿ ಅರೆದು ಸೇರುತ್ತದೆ. ಗುಂಟೂರಿನ ಮೆಣಸಿನಕಾಯಿಯನ್ನು ಬಲ್ಲ ನಾಲಿಗೆಗೆ ಆ ಸಿಹಿ ಒಗ್ಗದು. ಆಂಧ್ರ ನೆಲದಲ್ಲಿ ಬಾಳಬೇಕಾದ ಅಡಿಗೆಯವನು ಬೆಲ್ಲದ ಕೈಯನ್ನು ಹಿಡಿದು ಖಾರದ ಕೈಯನ್ನು ಸಡಿಲಿಸಬೇಕಾಯಿತು. ಊಟದ ಕ್ರಮವೂ ಬದಲಾಯಿತು. ಕನ್ನಡಿಗನು ಸಾರನ್ನು ಕಲಸಿ ಅನಂತರ ಹುಳಿಗೆ ಬರುತ್ತಾನೆ. ತೆಲುಗನು ಮೊದಲು ಪುಡಿಗೂ ಪಪ್ಪಿಗೂ ತುಪ್ಪ ಹಾಕಿ ಉಂಡು, ಪಲ್ಯ ಪಚ್ಚಡಿಗಳನ್ನು ಮುಗಿಸಿ, ಪುಲುಸೋ ಸಾಂಬಾರೋ ಆದ ಮೇಲೆ ಚಾರಿಗೆ ಬಂದು ಮೊಸರಿನಲ್ಲಿ ನಿಲ್ಲುತ್ತಾನೆ. ಪುಡಿ ತುಪ್ಪಗಳಿಲ್ಲದ ಎಲೆ ಅಲ್ಲಿ ಎಲೆಯೇ ಅಲ್ಲ. ಗೋಂಗೂರ ಕರಾವಳಿಯ ಅಡಿಗೆಯವನಿಗೆ ಹೊಸದು. ಬಳ್ಳಾರಿ ರಾಯಚೂರುಗಳಿಂದ ಹೋದವನು ಮಾತ್ರ ಅದರಲ್ಲಿ ತನ್ನ ಪುಂಡಿಪಲ್ಯವನ್ನು ಗುರುತಿಸಿದನು.

ಈ ಕೊಡುಕೊಳೆಗೆ ಪೆಸರಟ್ಟು ಒಳ್ಳೆಯ ನಿದರ್ಶನ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುವ ನಿಯಮದಂತೆ ತೆಲುಗಿನ 'ಪೆಸರ' ನಮ್ಮ 'ಹೆಸರು'. ಉಡುಪಿಯ ಕಡೆ ಹೆಸರುಬೇಳೆ ಹಬ್ಬದ ಕೋಸಂಬರಿಗೆ ಸಲ್ಲುವುದು. ಆಂಧ್ರ ಕರಾವಳಿಯಲ್ಲಿ ಇಡಿಯ ಹೆಸರುಕಾಳನ್ನು ನೆನೆಹಾಕಿ, ಶುಂಠಿ ಹಸಿಮೆಣಸಿನಕಾಯಿಗಳೊಡನೆ ಅರೆದು, ಹುಳಿ ಬರಿಸದೆ ಕಾವಲಿಯ ಮೇಲೆ ಹೊಯ್ಯುತ್ತಾರೆ. ಮೇಲೆ ಈರುಳ್ಳಿ, ಒಳಗೆ ಉಪ್ಪಿಟ್ಟು, ಪಕ್ಕದಲ್ಲಿ ಅಲ್ಲದ ಪಚ್ಚಡಿ. ದೋಸೆಯ ಹೋಟೆಲಿನ ಕಾವಲಿಯನ್ನು ಇದು ಬಹುಬೇಗ ಹಂಚಿಕೊಂಡಿತು. ಮಠದ ಅಡಿಗೆಯಲ್ಲಿ ಸಲ್ಲದ ಈರುಳ್ಳಿ ಹೋಟೆಲಿನಲ್ಲಿ ಎಗ್ಗಿಲ್ಲದೆ ಸಂದಿತು.

ವಿಜಯವಾಡದ ಗಾಂಧಿನಗರ, ಗವರ್ನರ್‌ಪೇಟೆಗಳಲ್ಲಿ ಬೆಳಗಿನ ಹೊತ್ತು ತಿರುಗಿದರೆ ಈ ಬೆರಕೆ ಕಣ್ಣಿಗೆ ಬೀಳುತ್ತದೆ. ಅಲ್ಲಿನ ಬಾಬಾಯಿ ಹೋಟೆಲು ಬೆಣ್ಣೆ ಹಾಕಿದ ಇಡ್ಲಿಗೆ ಹೆಸರಾದುದು. 'ಬಾಬಾಯಿ' ಎಂದರೆ ಚಿಕ್ಕಪ್ಪ. ಊರಿನ ಹೆಸರಿಗೆ ಬದಲಾಗಿ ಸಂಬಂಧದ ಹೆಸರನ್ನು ಹೊತ್ತ ಈ ಬಗೆಯ ತೆಲುಗು ಅಂಗಡಿ, ಇಡ್ಲಿಯನ್ನು ಸಾಂಬಾರಿನಿಂದ ಬಿಡಿಸಿ ಖಾರದ ಪುಡಿಗೆ ಕೊಟ್ಟಿತು. ವಿಶಾಖಪಟ್ಟಣದ ನಡೆ ಬೇರೆ. ಅಲ್ಲಿ ಒಡಿಶಾದವರು, ಬಂಗಾಳದವರು, ಕೇರಳದವರು, ನೌಕಾದಳದವರು ಸೇರಿದ್ದಾರೆ. ಸಂಜೆಯ ಕಡಲದಂಡೆಯಲ್ಲಿ ಮಂಡಕ್ಕಿಗೆ ಈರುಳ್ಳಿ, ನಿಂಬೆಹುಳಿ ಬೆರೆಸಿಕೊಡುವ 'ಮುರಿ ಮಿಕ್ಸ್ಚರು' ಊರಿನ ಗುರುತೇ ಆಗಿದೆ. 'ಮುರಿ' ಎಂಬುದು ಒಡಿಯಾ, ಬಂಗಾಳಿಗಳಲ್ಲಿ ಮಂಡಕ್ಕಿಯ ಹೆಸರು. ಮಾಡುಗುಲದ ಗೋಧಿಹಾಲಿನ ಹಲ್ವ ಸಿಹಿಯ ಅಂಗಡಿಗಳಲ್ಲಿ ಕಾಣುತ್ತದೆ. ಮಲೆನಾಡು ಕೊಡಗುಗಳ ಬೀಜದಿಂದ ದಕ್ಷಿಣದ ಹೋಟೆಲುಗಳು ಬೆಳೆಸಿದ ಕಾಫಿಯ ಚಟಕ್ಕೆ ಈಗ ಅರಕು ಕಣಿವೆಯ ಗಿರಿಜನರು ಬೆಳೆದ ಬೀಜವೂ ಒದಗುತ್ತಿದೆ. ಅದನ್ನು ಮಾರುವ ಸಂಸ್ಥೆಗಳಲ್ಲೊಂದಾದ ಗಿರಿಜನ ಸಹಕಾರ ನಿಗಮ ೧೯೫೬ರಲ್ಲಿ ಸ್ಥಾಪಿತವಾದುದು. ಅದರ ಮುಖ್ಯ ಕಚೇರಿ ವಿಶಾಖಪಟ್ಟಣದಲ್ಲಿದೆ.

೫

ಇಷ್ಟಾದರೂ ಈ ಚರಿತ್ರೆಯ ಮುಖ್ಯ ಪುರುಷನ ಮಾತು ಉಳಿದೇ ಇದೆ. ಅವನು ಗಲ್ಲಾದಲ್ಲಿ ಕುಳಿತವನಲ್ಲ, ಮಾಣಿ. ಕರಾವಳಿಯ ಕನ್ನಡದಲ್ಲಿ ಮಾಣಿಯೆಂದರೆ ಹುಡುಗ, ವಟು. ಹೋಟೆಲಿನಿಂದಾಗಿ ಆ ಮಾತಿಗೆ ಬಡಿಸುವವನೆಂಬ ಅರ್ಥವೇ ನಾಡಿನಲ್ಲೆಲ್ಲ ನಿಂತಿತು. ಶಬ್ದದ ಈ ಪಯಣ ಹುಡುಗರ ಪಯಣವನ್ನೂ ಹೇಳುತ್ತದೆ. ಹತ್ತು ಹನ್ನೆರಡರ ವಯಸ್ಸಿನಲ್ಲಿ ಶಾಲೆಯನ್ನು ಬಿಟ್ಟು, ಊರಿನವರೊಬ್ಬರ ಬೆನ್ನು ಹಿಡಿದು ಬಂದು, ಲೋಟ ತೊಳೆದು, ರುಬ್ಬಿ, ಬೆಂಚಿನ ಮೇಲೆ ಮಲಗಿ, ಭಾಷೆ ತಿಳಿಯದ ಊರಿನಲ್ಲಿ ಬೆಳೆದವರು ಅವರು. ಮುಂಬಯಿಯಲ್ಲಿ ಇಂಥವರಿಗಾಗಿ ಕನ್ನಡ ರಾತ್ರಿಶಾಲೆಗಳು ಹುಟ್ಟಿ, ಹಲವರು ಅಲ್ಲಿ ಓದಿ ಮುಂದೆ ಬಂದರು. ಕೆಲವರು ತಾವೇ ಹೋಟೆಲು ತೆರೆದರು. ಒಡೆಯನಾದವನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಲೋಟ ತೊಳೆಯುತ್ತಲೇ ವಯಸ್ಸು ಕಳೆದವನ ಕಥೆಯನ್ನು ಹೇಳುವವರಿಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಬಾರದೆಂಬ ನಿಷೇಧ ಜಾರಿಗೆ ಬಂದುದು ೨೦೦೬ರ ಅಕ್ಟೋಬರ್ ೧೦ರಂದು. ಅಷ್ಟು ಹೊತ್ತಿಗೆ ಈ ಉದ್ಯಮದ ಎಷ್ಟೋ ತಲೆಮಾರುಗಳ ಬಾಲ್ಯ ಅಡಿಗೆಮನೆಯಲ್ಲಿ ಕರಗಿಹೋಗಿತ್ತು.

೧೯೫೬ರ ನವೆಂಬರ್ ೧ರಂದು, ಒಂದೇ ದಿನ, ಆಂಧ್ರಪ್ರದೇಶವೂ ವಿಶಾಲ ಮೈಸೂರು ರಾಜ್ಯವೂ ರೂಪುಗೊಂಡುವು. ಒಂದೇ ಪ್ರಾಂತದೊಳಗೆ ಊರಿಂದೂರಿಗೆ ಹೋಗಿದ್ದ ಕನ್ನಡಿಗನು ಅಂದಿನಿಂದ ಹೊರನಾಡಿನವನೆನಿಸಿದನು. ಅವನ ಮಕ್ಕಳು ತೆಲುಗಿನಲ್ಲಿ ಓದಿದರು. ಮನೆಯಲ್ಲಿ ತುಳುವೋ ಕನ್ನಡವೋ ಉಳಿದರೂ ಬರವಣಿಗೆ ತೆಲುಗಾಯಿತು. ವ್ಯಾಪಾರ ಕೈಬದಲಾದಾಗ ಹೆಸರಿನ ಹಲಗೆ ಉಳಿಯಿತು, ಮನೆತನ ಉಳಿಯಲಿಲ್ಲ. ಇದನ್ನು ಸೋಲೆಂದು ಕರೆಯಬೇಕಾಗಿಲ್ಲ. ಬೆಂಗಳೂರಿನ ಬೀದಿಗಳಲ್ಲಿ ಇಂದು 'ಆಂಧ್ರ ಶೈಲಿಯ ಊಟ' ಎಂಬ ಹಲಗೆಗಳು ಎಷ್ಟಿವೆಯೆಂಬುದನ್ನು ನೋಡಿದರೆ, ಬಾಳೆಯೆಲೆಯ ಮೇಲೆ ಪುಡಿ ತುಪ್ಪಗಳನ್ನು ಕಲಸುವ ಕನ್ನಡಿಗರನ್ನು ಕಂಡರೆ, ಈ ವ್ಯವಹಾರ ಎರಡು ಕಡೆಯದೆಂಬುದು ಸ್ಪಷ್ಟವಾಗುತ್ತದೆ. ಪೂಟಕೂಳಿನ ಮನೆಯ ಹೆಂಗಸು, ರೈಲಿಳಿದು ಬಂದ ಮಾಣಿ, ಸಹಪಂಕ್ತಿಯಲ್ಲಿ ಕುಳಿತ ದಲಿತ, ಇಡ್ಲಿಗೆ ಬೆಣ್ಣೆ ಹಾಕಿದ ತೆಲುಗು ವರ್ತಕ — ಇವರೆಲ್ಲರೂ ಸೇರಿ ಕಟ್ಟಿದುದನ್ನು ಒಬ್ಬರ ಹೆಸರಿಗೆ ಬರೆಯುವುದು ಸಾಧುವಲ್ಲ. ಕನ್ನಡಿಗರ ಪಾಲಿನ ದಾಖಲೆಗಳಾದರೂ ಹಳೆಯ ಲೆಕ್ಕದ ಪುಸ್ತಕಗಳಲ್ಲಿ, ಊರಿಗೆ ಬರೆದ ಕಾಗದಗಳಲ್ಲಿ, ವೃದ್ಧರಾದ ಕೆಲಸಗಾರರ ನೆನಪಿನಲ್ಲಿ ಚದರಿಕೊಂಡಿವೆ. ಕಾಗದವನ್ನು ಗೆದ್ದಲು ಬಿಡುವುದಿಲ್ಲ, ನೆನಪು ಆಯುಸ್ಸನ್ನು ಮೀರುವುದಿಲ್ಲ. ಹೊರನಾಡಿನ ಕನ್ನಡ ಸಂಘಗಳು ಕೈಹಾಕಬೇಕಾದ ಕೆಲಸಗಳಲ್ಲಿ ಇವನ್ನು ಬರೆದಿಡುವುದು ಮೊದಲನೆಯದಾಗಬೇಕು.